ಗಡ್ಡೆ ಹೋದ ಮೇಲೂ ತಲೆನೋವೇಕೆ?

ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆ ಮುಗಿಸಿ ಮಗನೋ ಮಗಳೋ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಮರಿಯಮ್ಮನಹಳ್ಳಿಯ ಮನೆಗೆ ಮರಳಿದಾಗ, ದೊಡ್ಡ ಗಂಡಾಂತರ ಕಳೆಯಿತೆಂಬ ನೆಮ್ಮದಿ ಸಹಜ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ‘ತಲೆ ನೋಯುತ್ತಿದೆ’ ಎಂಬ ಮಾತು ಕಿವಿಗೆ ಬಿದ್ದರೆ ಹೆತ್ತವರ ಎದೆ ಧಸಕ್ಕೆನ್ನುತ್ತದೆ. ಗಡ್ಡೆ ಮತ್ತೆ ಬೆಳೆಯಿತೇ? ಆಪರೇಷನ್ ಕೆಟ್ಟಿತೇ? ಆಸ್ಪತ್ರೆಯೋ 300 ಕಿಲೋಮೀಟರಿಗೂ ದೂರ. ಯಾವ ನೋವನ್ನು ತಾಳಿಕೊಳ್ಳಬಹುದು, ಯಾವುದಕ್ಕೆ ಕೂಡಲೇ ಓಡಬೇಕು ಎಂಬ ತಿಳಿವಳಿಕೆ ಮನೆಯವರಿಗೆ ಇರಲೇಬೇಕು.

ನೋಯುವುದು ಮೆದುಳಲ್ಲ

ವಿಚಿತ್ರವೆನಿಸಿದರೂ ನಿಜ: ಮೆದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಕಳೆದ ಶತಮಾನದಲ್ಲಿ, ಚರ್ಮಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಟ್ಟು, ಎಚ್ಚರವಿದ್ದ ರೋಗಿಗಳೊಡನೆ ಮಾತನಾಡುತ್ತಲೇ ಮೆದುಳಿನ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ನೋಯುವುದು ಕತ್ತರಿಸಿದ ಚರ್ಮ, ಸ್ನಾಯು ಮತ್ತು ಮೆದುಳಿನ ಹೊರಪೊರೆ. ಕಣತಲೆಯ ಬಳಿ ಸ್ನಾಯು ಕತ್ತರಿಸಿದ್ದರೆ ಬಾಯಿ ತೆರೆಯುವುದೂ ಅಗಿಯುವುದೂ ಕಷ್ಟ. ಹಿಂದಲೆಯ ಆಪರೇಷನ್ ಆಗಿದ್ದರೆ ಕುತ್ತಿಗೆ ಹಿಡಿದಂತಾಗುತ್ತದೆ. ಗಾಯದ ಸುತ್ತ ಜೋಮು, ತುರಿಕೆ, ತಲೆಯೊಳಗೆ ‘ಟಿಕ್’ ಎಂದೋ ನೀರು ಗುಳುಗುಳಿಸಿದಂತೆಯೋ ಸದ್ದು, ಇವೂ ಕೆಲಕಾಲ ಇರುತ್ತವೆ. ಸಾಮಾನ್ಯವಾಗಿ ಇವೆಲ್ಲ ವಾರಗಳು ಕಳೆದಂತೆ ಇಳಿಮುಖವಾಗುತ್ತವೆ.

ಮಾತ್ರೆಯ ಶಿಸ್ತು

ಮೆದುಳಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುವುದುಂಟು. ಅದರಿಂದ ಹಸಿವು ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ, ಮಗು ಸಿಡುಕುತ್ತದೆ. ಹಾಗೆಂದು ಥಟ್ಟನೆ ನಿಲ್ಲಿಸುವುದು ಅಪಾಯ. ವೈದ್ಯರು ಬರೆದುಕೊಟ್ಟಂತೆ ಹಂತ ಹಂತವಾಗಿಯೇ ಇಳಿಸಬೇಕು. ಮೂರ್ಛೆ ತಡೆಯುವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಕೂಡದು. ನೋವಿಗೆ ವೈದ್ಯರು ಹೇಳಿದ ಮಾತ್ರೆ ಸಾಕು. ಅಂಗಡಿಯಿಂದ ತಂದ ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿಯಾಗಬಹುದು. ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಹುಟ್ಟುವುದುಂಟು.

ಮನೆಯಲ್ಲಿ ಏನು ಮಾಡಬೇಕು?

ಮಲಗುವಾಗ ತಲೆಯ ಭಾಗ ತುಸು ಎತ್ತರವಿರಲಿ. ಹೊಸಪೇಟೆ ಸೀಮೆಯ ಬೇಸಿಗೆಯಲ್ಲಿ ಬಿಸಿಲಿಗೆ ಹೋಗದಿರುವುದೂ ಸಾಕಷ್ಟು ನೀರು, ಮಜ್ಜಿಗೆ ಕುಡಿಯುವುದೂ ಮುಖ್ಯ. ಜೋಳದ ರೊಟ್ಟಿ ಅಗಿಯಲಾಗದಿದ್ದರೆ ಹಾಲಿನಲ್ಲಿ ನೆನೆಸಿ ಕೊಡಿ. ಮಲಬದ್ಧತೆ ಆಗದಂತೆ ಸೊಪ್ಪು, ಹಣ್ಣು ಇರಲಿ. ಮುಕ್ಕಿದರೆ ತಲೆಯೊಳಗಿನ ಒತ್ತಡ ಏರುತ್ತದೆ. ಭಾರ ಎತ್ತುವುದು ಬೇಡ. ಗಾಯ ಮಾಯುವವರೆಗೆ ಅರಿಸಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ನೋಡಲು ಬರುವ ನೆಂಟರ ಗದ್ದಲವೂ ಟಿ.ವಿ., ಮೊಬೈಲುಗಳೂ ಮಿತಿಯಲ್ಲಿರಲಿ.

ಇವು ಕಂಡರೆ ತಡಮಾಡಬೇಡಿ

ದಿನದಿಂದ ದಿನಕ್ಕೆ ಏರುವ ನೋವು, ಬೆಳಿಗ್ಗೆ ಏಳುತ್ತಲೇ ನೋವಿನೊಡನೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಜ್ವರ, ಕುತ್ತಿಗೆ ಸೆಟೆತ, ಗಾಯದಿಂದ ಕೀವು, ಗಾಯ ಅಥವಾ ಮೂಗಿನಿಂದ ತಿಳಿನೀರು, ಮೂರ್ಛೆ, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಬೆಂಗಳೂರಿಗೇ ಹೋಗಬೇಕೆಂದು ರೈಲಿಗೆ ಕಾಯುವುದು ಸಲ್ಲ. ಮೊದಲು ಹೊಸಪೇಟೆ ಅಥವಾ ಬಳ್ಳಾರಿಯ ಆಸ್ಪತ್ರೆ. ಅಲ್ಲಿಂದ ಮುಂದಿನ ಮಾತು. ಡಿಸ್ಚಾರ್ಜ್ ಪತ್ರ ಮತ್ತು ಸ್ಕ್ಯಾನ್ ಒಂದೇ ಚೀಲದಲ್ಲಿ ಕೈಗೆ ಸಿಗುವಂತಿರಲಿ.

ಪುಸ್ತಕ ಹಿಡಿಯುವ ಮುನ್ನ

ವಿದ್ಯಾರ್ಥಿಗಳಿಗೆ ನೋವಿಗಿಂತ ದೊಡ್ಡ ಹೆದರಿಕೆ ಪರೀಕ್ಷೆಯದು. ವರ್ಷ ಹೋಗುತ್ತದೆಂದು ತಲೆನೋವನ್ನು ಮುಚ್ಚಿಡುವ ಮಕ್ಕಳುಂಟು. ಅಪಾಯವಿರುವುದೇ ಅಲ್ಲಿ. ವೈದ್ಯರು ಒಪ್ಪಿದ ಮೇಲೆ ಮೊದಲು ಇಪ್ಪತ್ತು ನಿಮಿಷ ಓದು, ನಂತರ ವಿಶ್ರಾಂತಿ; ಶಾಲೆಗೆ ಅರ್ಧ ದಿನದಿಂದ ಆರಂಭ. ಸೈಕಲ್, ಬೈಕ್, ಹಿನ್ನೀರಿನ ಈಜು ವೈದ್ಯರು ಒಪ್ಪುವ ತನಕ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ನೋವು ಬಂದ ಹೊತ್ತು, ಹತ್ತಕ್ಕೆ ಎಷ್ಟು ಅಂಕದ ನೋವು, ನುಂಗಿದ ಮಾತ್ರೆ ಬರೆದಿಟ್ಟರೆ ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ಅದೇ ಕೈಪಿಡಿ.

‘ಸುಮ್ಮನೆ ನೆಪ ಹೇಳಬೇಡ’ ಎಂದು ತಂದೆ-ತಾಯಿ ಒಮ್ಮೆ ಗದರಿದರೆ ಸಾಕು, ಮಗು ಮುಂದೆ ಬಾಯಿ ಬಿಡುವುದಿಲ್ಲ. ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಹೇಳದೆ ನುಂಗಿಕೊಂಡ ನೋವಿಗೆ ತೆರಬೇಕಾದ ಬೆಲೆ ಅದಕ್ಕಿಂತ ದೊಡ್ಡದು.