ಮೊಸರನ್ನಕ್ಕೆ ಜಾತಿ ಅಂಟಿಸಿದವರು

‘ನೀವೂ ಮೊಸರನ್ನ ತಿನ್ನುತ್ತೀರಾ?’

ಈ ಪ್ರಶ್ನೆಯನ್ನು ನಾವು ಕೇಳಿಸಿಕೊಂಡದ್ದು ಒಂದೆರಡು ಸಲವಲ್ಲ. ಕೇಳುವವರು ಒಳ್ಳೆಯವರೇ. ಹಬ್ಬಕ್ಕೆ ಮನೆಗೆ ಬರುವವರು, ಕಷ್ಟಕ್ಕೆ ಆಗುವವರು. ಆದರೆ ಆಫೀಸಿನಲ್ಲಿ ನಾವು ಬುತ್ತಿ ಬಿಚ್ಚಿದಾಗ ಮೊಸರನ್ನ, ಒಂದು ಹೋಳು ಮಾವಿನ ಉಪ್ಪಿನಕಾಯಿ ಕಂಡರೆ ಅವರಿಗೆ ಅಚ್ಚರಿ. ಆ ಅಚ್ಚರಿಯಲ್ಲಿ ದ್ವೇಷವಿಲ್ಲ, ಒಪ್ಪುತ್ತೇವೆ. ಆದರೆ ತಲೆತಲಾಂತರದಿಂದ ಒಂದೇ ಕೆರೆಯ ನೀರು ಕುಡಿದವರ ಅಡುಗೆಮನೆಯ ಬಗ್ಗೆ ಪಕ್ಕದ ಮನೆಗೆ ಇಷ್ಟೂ ತಿಳಿಯದೆ ಹೋದದ್ದು ಹೇಗೆ?

ಜ್ವರ ಬಿಟ್ಟ ಮೇಲೆ ಬಾಯಿಗೆ ರುಚಿ ಹತ್ತಿಸಲು ನಮ್ಮ ತಾಯಂದಿರು ಕೊಟ್ಟದ್ದು ಇದನ್ನೇ. ಅನ್ನವನ್ನು ಕೊಂಚ ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಹಿಸುಕಿ, ಆರಿದ ಮೇಲೆ ಮೊಸರು ಕಲಸುವುದು. ಪ್ರಯಾಣಕ್ಕೆ ಕಟ್ಟಿಕೊಡುವುದಾದರೆ ಹಾಲು ಹೆಚ್ಚು, ಮೊಸರು ಒಂದೇ ಚಮಚ. ಮಧ್ಯಾಹ್ನದ ಹೊತ್ತಿಗೆ ಅದು ಬುತ್ತಿಯೊಳಗೇ ಹೆಪ್ಪಾಗಿರುತ್ತದೆ, ಹುಳಿಯಾಗಿರುವುದಿಲ್ಲ. ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ರಮಝಾನಿನ ಸಹರಿಗೆ ಏನೇ ಮಾಡಿರಲಿ, ಕೊನೆಯ ತುತ್ತು ಮೊಸರನ್ನ. ಹಗಲು ಬಾಯಾರಿಕೆ ಕಾಡದಿರಲಿ ಎಂದು. ಮೀನು ಬೇಯಿಸಿದ ದಿನ ಮಾತ್ರ ಅಜ್ಜಿ ಮೊಸರಿನ ಪಾತ್ರೆ ಮುಟ್ಟಗೊಡುತ್ತಿರಲಿಲ್ಲ. ಮೀನು, ಮೊಸರು ಕೂಡಿದರೆ ತೊನ್ನು ಬರುತ್ತದೆಂಬ ಭಯ. ಅದಕ್ಕೆ ಆಧಾರವಿಲ್ಲ, ಆ ಮಾತು ಬೇರೆ. ನೆರೆಮನೆಯ ಹಿಂದೂ ಅಜ್ಜಿಗೂ ಅದೇ ಭಯವಿತ್ತು!

ಇಂಥ ಊಟಕ್ಕೆ ಜಾತಿ ಅಂಟಿಸಿದವರಲ್ಲಿ ಎರಡು ಬಗೆ. ಒಂದು, ಅದನ್ನು ಸಾತ್ವಿಕವೆಂದು ಪೀಠಕ್ಕೇರಿಸಿದವರು. ಇನ್ನೊಂದು, ‘ಮೊಸರನ್ನದವರು’ ಎಂದು ಮೂದಲಿಸಿ ಗೆದ್ದೆವೆಂದುಕೊಂಡ ನಮ್ಮ ಪ್ರಗತಿಪರ ಗೆಳೆಯರು. ಇಬ್ಬರೂ ಸೇರಿ ಎಲ್ಲರ ಊಟವನ್ನು ಕೆಲವರ ಹೆಸರಿಗೆ ಬರೆದುಕೊಟ್ಟರು. ಎಮ್ಮೆ ಕಟ್ಟಿ, ಹುಲ್ಲು ಹೊತ್ತು, ಹಾಲು ಕರೆದವರು ಯಾರು? ಅವರ ಮನೆಯಲ್ಲಿ ಬೆಣ್ಣೆ ಸಂತೆಗೆ ಹೋಗುತ್ತಿತ್ತು, ಉಳಿಯುತ್ತಿದ್ದುದು ನೀರು ಮಜ್ಜಿಗೆ. ರಾತ್ರಿ ನೀರು ಹಾಕಿಟ್ಟ ತಂಗಳನ್ನಕ್ಕೆ ಅದನ್ನು ಸುರಿದು, ಈರುಳ್ಳಿ, ಹಸಿಮೆಣಸು ಕಚ್ಚಿಕೊಂಡು ಉಂಡು ಹೊಲಕ್ಕೆ ಹೋದರು. ಶಾಸ್ತ್ರದ ಲೆಕ್ಕ ಹಿಡಿದರೆ ತಂಗಳೂ ತಾಮಸ, ಈರುಳ್ಳಿಯೂ ತಾಮಸ. ಸಾತ್ವಿಕದ ಪಟ್ಟ ಕಟ್ಟಿದವರು ಈ ಮೊಸರನ್ನವನ್ನು ಎಲ್ಲಿಡುತ್ತಾರೆ?

2023ರ ಮಾರ್ಚ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಅಚ್ಚಾಗಲಿ, ‘ಮೊಸರು’ ಬ್ರಾಕೆಟ್ಟಿನೊಳಗೆ ಇರಲಿ ಎಂದಿತು. ಕರ್ನಾಟಕ, ತಮಿಳುನಾಡುಗಳಲ್ಲಿ ಪ್ರತಿಭಟನೆ ಎದ್ದಿತು. ಮಾರ್ಚ್ 30ರಂದು ಪ್ರಾಧಿಕಾರ ಹಿಂದೆ ಸರಿಯಿತು. ನಾವೂ ವಿರೋಧಿಸಿದೆವು. ದಖನಿ ಆಡುವ ನಮ್ಮ ಮನೆಗಳಲ್ಲಿ ಅದರ ಹೆಸರು ದಹಿಯೇ. ಆದರೆ ಅಂಗಡಿಗೆ ಹೋಗಿ ನಾವು ಕೇಳುವುದು ಮೊಸರು. ಮನೆಮಾತಿನಲ್ಲಿ ಒಂದು ಪದ ಇರುವುದಕ್ಕೂ, ಅದೇ ಪದ ದಿಲ್ಲಿಯ ಆದೇಶವಾಗಿ ಬರುವುದಕ್ಕೂ ವ್ಯತ್ಯಾಸವಿದೆ. ಆಗ ‘ನಮ್ಮ ಮೊಸರು’ ಎಂದ ಕನ್ನಡಿಗರಲ್ಲಿ ನಾವೂ ಸೇರಿದ್ದೆವು. ಯಾರೂ ‘ನೀವೂ ತಿನ್ನುತ್ತೀರಾ’ ಎಂದು ಕೇಳಲಿಲ್ಲ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಸೂಚನೆಗಳಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಕೂರಿಸಿ ನಿಷೇಧಿಸಿದ್ದರು. ಅದೂ ಮಂಡ್ಯದಲ್ಲಿ, ಮುದ್ದೆ ಮತ್ತು ಬಾಡಿನ ಸಾರಿನ ನೆಲದಲ್ಲಿ! ಬಾಡೂಟಕ್ಕಾಗಿ ಜನ ದನಿಯೆತ್ತಿದ್ದು ಸರಿಯೇ. ಆದರೆ ಇಂಥ ಜಗಳ ಎದ್ದಾಗಲೆಲ್ಲ ಮೊಸರನ್ನವನ್ನು ಬಾಡಿನ ಎದುರಾಳಿಯಾಗಿ ನಿಲ್ಲಿಸುತ್ತಾರಲ್ಲ, ಅದಕ್ಕೆ ನಮ್ಮ ತಕರಾರಿದೆ. ಬಿರಿಯಾನಿಯ ಮಾಂಸ ನೆನೆಯುವುದು ಮೊಸರಿನಲ್ಲಿ, ಅದರ ಜೊತೆಗೆ ಬರುವುದು ಮೊಸರು ಬಜ್ಜಿ. ಬಾಡೂಟ ಉಂಡವರೂ ಕೊನೆಗೆ ಮಜ್ಜಿಗೆ ಎಲ್ಲಿ ಎಂದು ಕೇಳುತ್ತಾರೆ.

ನಮ್ಮವರನ್ನೂ ಬಿಡುವಂತಿಲ್ಲ. ಕೋಳಿ ಇಲ್ಲದಿದ್ದರೆ ಅತಿಥಿಯ ಮುಂದೆ ಮರ್ಯಾದೆ ಹೋಯಿತೆನ್ನುವವರು ನಾವು. ಮದುವೆಯ ಬಿರಿಯಾನಿಗೆ ಸಾಲ ಮಾಡಿ ವರ್ಷಗಟ್ಟಲೆ ತೀರಿಸುವವರು ನಾವು. ರಮಝಾನ್ ಎಂದರೆ ಟಿವಿಯವರು ಕಬಾಬಿನ ಬೀದಿಯನ್ನಷ್ಟೇ ತೋರಿಸುತ್ತಾರೆಂದು ದೂರುತ್ತೇವೆ. ನಾವಾದರೂ ಬೇರೇನು ತೋರಿಸಿದ್ದೇವೆ? ಸಹರಿಯ ಆ ಬಟ್ಟಲು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಮಗಳನ್ನು ನೋಡಲು ಬಂದವರಿಗೆ ಮೊಸರನ್ನ ಬಡಿಸುವ ಧೈರ್ಯ ಯಾವ ಮನೆಗಿದೆ?

ಮೊನ್ನೆ ಗೆಳೆಯರೊಬ್ಬರು ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದರು. ಕೋಳಿ ತರಲು ಚೀಲ ಹಿಡಿದು ಹೊರಟ ಮಗನನ್ನು ತಡೆದು, ಇದ್ದದ್ದನ್ನೇ ಬಡಿಸಿದೆವು. ಎರಡು ಸಲ ಹಾಕಿಸಿಕೊಂಡರು. ಉಪ್ಪಿನಕಾಯಿಗೆ ಉಪ್ಪು ಜಾಸ್ತಿಯಾಗಿದೆ ಎಂದರು. ಹೌದು, ಜಾಸ್ತಿಯೇ ಆಗಿತ್ತು.