ಊರ ಮನೆಗೆ ಎಂಥ ಸೋಲಾರ್?

ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ಊರಿನಲ್ಲಿರುವ ತಂದೆತಾಯಿಯರಿಗಾಗಿ ಸೋಲಾರ್ ನೀರು ಕಾಯಿಸುವ ಸಾಧನವನ್ನು ದೂರವಾಣಿಯಲ್ಲೇ ಗೊತ್ತುಮಾಡಿ ಕಳುಹಿಸುವುದು ಈಚೆಗೆ ಅಮದಳ್ಳಿಯ ಸುತ್ತಮುತ್ತ ಸಾಮಾನ್ಯವಾಗಿದೆ. ಅವರ ಕಾಳಜಿ ಮೆಚ್ಚತಕ್ಕದ್ದೇ. ಆದರೆ ತಾವಿರುವ ನಗರದ ಮನೆಗೆ ಹೊಂದಿದ್ದನ್ನೇ ಊರಿಗೂ ಆರಿಸುವ ಅವರ ಕ್ರಮ ಸರಿಯಲ್ಲವೆಂದು ನನಗೆ ತೋರುತ್ತದೆ. ನೀರು ಕಾಯಿಸುವ ಸಾಧನವನ್ನು ಆಯಾ ಊರಿನ ಹವೆ, ಬಾವಿಯ ನೀರು ಹಾಗೂ ಬಳಸುವವರ ವಯಸ್ಸು ನೋಡಿ ಆರಿಸಬೇಕು. ಈ ಮಾತನ್ನು ಸ್ವಲ್ಪ ವಿವರಿಸುತ್ತೇನೆ.

ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಚಪ್ಪಟೆ ಫಲಕದ್ದು. ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ಕಪ್ಪು ಲೇಪದ ಹಾಳೆ, ಅದಕ್ಕೆ ಬೆಸೆದ ತಾಮ್ರದ ಸಣ್ಣ ಕೊಳವೆಗಳು. ಗಾಜು ಮುಚ್ಚಿದ ಪೆಟ್ಟಿಗೆ ಬಿಸಿಲಿನ ಶಾಖವನ್ನು ಹಿಡಿದಿಡುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1767ರಲ್ಲೇ ಪ್ರಯೋಗದಿಂದ ತೋರಿಸಿದ್ದನು. ಕಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪು ಬೇಕಿಲ್ಲ. ಎರಡನೆಯದು ಗಾಜಿನ ಟ್ಯೂಬುಗಳದ್ದು. ಪ್ರತಿ ಟ್ಯೂಬಿಗೂ ಎರಡು ಪದರ, ನಡುವೆ ನಿರ್ವಾತ. ನಮ್ಮ ಫ್ಲಾಸ್ಕಿನ ತತ್ತ್ವವೇ. ಇದರ ಬೆಲೆ ಕಡಿಮೆಯಾದ್ದರಿಂದ ಅಂಗಡಿಯವರು ಸಾಮಾನ್ಯವಾಗಿ ಇದನ್ನೇ ಮುಂದೆ ಮಾಡುತ್ತಾರೆ.

ಟ್ಯೂಬು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ತಾಮ್ರದ ಸಣ್ಣ ಕೊಳವೆಗಳೊಳಗೆ ಸುಣ್ಣದ ಪದರ ಕಟ್ಟಿಸುತ್ತದೆ. ಅಲ್ಲಿ ಅಗಲವಾದ ಟ್ಯೂಬೇ ವಾಸಿ. ಚಳಿದೇಶಗಳಲ್ಲಿ ಹಿಡಿದ ಶಾಖ ಗಾಳಿಗೆ ಸೋರದಂತೆ ನಿರ್ವಾತ ತಡೆಯುತ್ತದೆ. ಆದರೆ ನಮ್ಮಲ್ಲಿ ಈ ಎರಡು ಕಾರಣಗಳೂ ಬಲವಾಗಿಲ್ಲ. ಜಂಬಿಟ್ಟಿಗೆಯ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಹೊರಗಿನ ಗಾಳಿಯೂ ವರ್ಷದ ಬಹುಪಾಲು ಬೆಚ್ಚಗಿರುವುದರಿಂದ ಸೋರುವ ಶಾಖ ಅಲ್ಪ. ಟ್ಯೂಬೊಂದು ಒಡೆದರೆ ಟ್ಯಾಂಕಿನ ನೀರೆಲ್ಲ ಹರಿದು ಹೋಗುತ್ತದೆ. ಮಾಡಿನ ಮೇಲೆ ಮಂಗಗಳು ಕುಣಿಯುವ, ತೆಂಗಿನಕಾಯಿ ಬೀಳುವ ಊರಿದು. ಎಪ್ಪತ್ತು ದಾಟಿದವರು ಏಣಿ ಹತ್ತಿ ಟ್ಯೂಬು ಬದಲಿಸಬೇಕೇ? ಆದುದರಿಂದ ನನ್ನ ಮತ ಗಟ್ಟಿ ಗಾಜಿನ ಚಪ್ಪಟೆ ಫಲಕಕ್ಕೆ. ಅದರ ಮೇಲೆ ಐಎಸ್ 12933 ಗುರುತು ಇದೆಯೇ ಎಂದು ನೋಡಿರಿ. ಹಳ್ಳದ ದಡದಲ್ಲಿ, ಬೇಸಿಗೆಗೆ ಬಾವಿನೀರು ಉಪ್ಪಾಗುವ ಮನೆಗಳವರು ಮಾತ್ರ ನೀರಿನ ಪರೀಕ್ಷೆ ಮಾಡಿಸಿಯೇ ನಿರ್ಧರಿಸತಕ್ಕದ್ದು. ಉಪ್ಪು ತಾಮ್ರವನ್ನೂ ಬಿಡದು, ಸ್ಟೀಲ್ ಟ್ಯಾಂಕನ್ನೂ ಬಿಡದು.

ಇನ್ನು ಅಳತೆಯ ವಿಚಾರ. 200 ಲೀಟರ್, 300 ಲೀಟರ್ ಎಂದು ದೊಡ್ಡದನ್ನೇ ಕಳುಹಿಸುವವರು ಸಣ್ಣ ಲೆಕ್ಕವೊಂದನ್ನು ಮಾಡಲಿ. 26 ಡಿಗ್ರಿಯ 20 ಲೀಟರ್ ನೀರನ್ನು ಸ್ನಾನಕ್ಕೆ ಹಿತವಾದ 41 ಡಿಗ್ರಿಗೆ ತರಲು 300 ಕಿಲೊ ಕ್ಯಾಲೊರಿ ಸಾಕು. 60 ಡಿಗ್ರಿಗೆ ಕಾದ 100 ಲೀಟರಿಗೆ ತಣ್ಣೀರು ಬೆರೆಸಿದರೆ ಅಂಥ ಹನ್ನೊಂದು ಬಕೆಟ್ ಆಗುತ್ತದೆ. ಇಬ್ಬರು ವೃದ್ಧರಿಗೆ ಇದು ಧಾರಾಳ. ಫಲಕ ಸುಮಾರು ಎರಡು ಚದರ ಮೀಟರ್ ಇದ್ದರೆ ಆಯಿತು. ಅದನ್ನು ತೆಂಗಿನ ನೆರಳು ಬೀಳದೆಡೆ, ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ಇಡಬೇಕು. ನೀರು ತುಂಬಿದ ಟ್ಯಾಂಕಿನ ಭಾರವನ್ನು ಹಳೆಯ ಹಂಚಿನ ಮಾಡಿನ ಪಕಾಸಿಗಳ ಮೇಲೆ ಹೊರಿಸಬಾರದು. ಪ್ರತ್ಯೇಕ ಕಟ್ಟೆಯೋ ಕಂಬಗಳೋ ಬೇಕು. ಬೇಸಿಗೆಯಲ್ಲಿ ನೀರು ಮೈ ಸುಡುವಷ್ಟು ಕಾಯುವುದರಿಂದ ಬಿಸಿ, ತಣ್ಣೀರು ಬೆರೆತು ಬರುವ ನಲ್ಲಿ ಅವಶ್ಯ. ಟ್ಯಾಂಕಿಗೆ ಕೊಡುವ ಹಣದಲ್ಲಿ ಈ ನಲ್ಲಿಗೆಂದು ಸ್ವಲ್ಪ ಎತ್ತಿಡಿರಿ.

"ಗೃಹಜ್ಯೋತಿ ಇದೆಯಲ್ಲ ಸರ್, ಕರೆಂಟಿನಲ್ಲೇ ಕಾಯಿಸಿದರಾಯಿತು" ಎನ್ನುವವರಿದ್ದಾರೆ. 2023ರಲ್ಲಿ ಜಾರಿಗೆ ಬಂದ ಆ ಯೋಜನೆಯ 200 ಯೂನಿಟ್ ಗರಿಷ್ಠ ಮಿತಿ ಮಾತ್ರ. ಪ್ರತಿ ಮನೆಗೆ ದೊರೆಯುವುದು ಅದರ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಅಲ್ಪ ಹೆಚ್ಚಳ. ಎರಡು ದೀಪ, ಒಂದು ಫ್ಯಾನಿನಲ್ಲಿ ಬದುಕಿದ ವೃದ್ಧರ ಪಾಲು ಸಣ್ಣದೇ. ಜೊತೆಗೆ, ನಮ್ಮ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿದ್ದರೂ, ಆಷಾಢದ ಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ ಮನೆ ಕತ್ತಲೆಯೇ. 2024ರ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನೂ ಇದರೊಡನೆ ಬೆರೆಸಬೇಡಿರಿ. ಅದರ ಫಲಕ ವಿದ್ಯುತ್ತಿಗಾಗಿ, ಇದು ಶಾಖಕ್ಕಾಗಿ.

ಹಾಗಾದರೆ ಮಳೆಗಾಲಕ್ಕೆ ಏನು ಗತಿ? ಇದೇ ಮುಖ್ಯ ಪ್ರಶ್ನೆ. ಜೂನಿನಿಂದ ಸೆಪ್ಟೆಂಬರಿನವರೆಗೆ, ಅಂದರೆ ಮುದುಕರ ಮೈಗೆ ಬಿಸಿನೀರು ಅತ್ಯಗತ್ಯವಾದ ದಿನಗಳಲ್ಲೇ, ನಮ್ಮ ಸೂರ್ಯ ಮೋಡದ ಹಿಂದೆ. ಯಾವ ಸೋಲಾರೂ ಅದಕ್ಕೆ ಪೂರ್ಣ ಉತ್ತರವಲ್ಲ. ಉತ್ತರ ನಮ್ಮ ಬಚ್ಚಲುಮನೆಯಲ್ಲೇ ಇದೆ: ತಾಮ್ರದ ಹಂಡೆ. ತೆಂಗಿನ ಸಿಪ್ಪೆ, ಗರಟೆ, ಒಣ ಮಡಲುಗಳನ್ನು ಬೇಸಿಗೆಯಲ್ಲೇ ಸಂಗ್ರಹಿಸಿಟ್ಟರೆ ಮಳೆಗಾಲ ಕಳೆಯುತ್ತದೆ. ಬಚ್ಚಲಿಗೆ ಟೈಲ್ಸ್ ಹಾಕಿಸುವ ಉತ್ಸಾಹದಲ್ಲಿ ಹಂಡೆಯನ್ನು ಕಿತ್ತು ಗುಜರಿಗೆ ಕೊಟ್ಟ ಮನೆಗಳನ್ನು ನೋಡಿ ನನಗೆ ಮರುಕವಾಗಿದೆ. ಒಲೆಗೊಂದು ಹೊಗೆಕೊಳವೆ ಕಟ್ಟಿಸಿದರೆ ತಾಯಿಯ ಕಣ್ಣಿಗೂ ಶ್ವಾಸಕ್ಕೂ ಸುಖ. ವರ್ಷದ ಎಂಟು ತಿಂಗಳು ಆಕೆಯನ್ನು ಆ ಹೊಗೆಯಿಂದ ಬಿಡಿಸುವುದೇ ಸೋಲಾರಿನ ನಿಜವಾದ ಲಾಭ. ಉಳಿದ ನಾಲ್ಕು ತಿಂಗಳು ಹಂಡೆಯನ್ನು ಸುಖಕರವಾಗಿ ಮಾಡುವುದು ಮಕ್ಕಳ ಕರ್ತವ್ಯ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಹಣ ಕಳುಹಿಸುವ ಮುನ್ನ ಒಮ್ಮೆ ಊರಿಗೆ ಬನ್ನಿರಿ. ಬಾವಿಯ ನೀರನ್ನು ನಾಲಗೆಯ ಮೇಲಿಟ್ಟು ನೋಡಿರಿ, ಮಾಡಿನ ಮೇಲೆ ನೆರಳು ಎಲ್ಲಿ ಬೀಳುತ್ತದೆಂದು ಗಮನಿಸಿರಿ. ಎಲ್ಲಕ್ಕಿಂತ ಮೊದಲು, ಅಪ್ಪ ಯಾವ ಹೊತ್ತಿಗೆ ಸ್ನಾನ ಮಾಡುತ್ತಾರೆ, ಅಮ್ಮನ ಕೈಗೆ ಯಾವ ನಲ್ಲಿ ಸುಲಭವಾಗಿ ತಿರುಗುತ್ತದೆ ಎಂದು ಅವರನ್ನೇ ಕೇಳಿರಿ. ಅಂಗಡಿಗೆ ಹೋಗುವುದು ಆಮೇಲಿನ ಮಾತು.