ಗಲ್ಲೆಯಿಂದ ಅಂಗೈಗೆ ಸರಿದ ಹಬ್ಬದ ಪೇಟೆ

ಬನ್ನಿ ಹಂಚಿಕೊಂಡ ದಿನದಿಂದ ಆಕಾಶಬುಟ್ಟಿ ಕಟ್ಟುವ ದಿನದವರೆಗಿನ ಮೂರು ವಾರಗಳು ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಮನೆಗಳಲ್ಲಿ ಮೊದಲಿನಿಂದಲೂ ಖರೀದಿಯ ಕಾಲ. ಒಂದು ತಲೆಮಾರಿನ ಹಿಂದೆ ಆ ಖರೀದಿಗೆ ತನ್ನದೇ ಕ್ರಮವಿತ್ತು. ಬೆಳಗಿನ ಎಸ್.ಟಿ. ಬಸ್ಸಿನಲ್ಲಿ ಮನೆಮಂದಿಯೆಲ್ಲ ಸೊಲ್ಲಾಪುರಕ್ಕೆ ಹೋಗಬೇಕು. ನವೀ ಪೇಠಿನ ಬಟ್ಟೆ ಅಂಗಡಿಯ ಬಿಳಿ ಗಾದಿಯ ಮೇಲೆ ಕುಳಿತು ಹತ್ತು ಸೀರೆ ಬಿಚ್ಚಿಸಬೇಕು. ಮನೆಯಲ್ಲಿ ಉಳಿದ ಹುಡುಗನ ಎತ್ತರವನ್ನು ಅಂಗೈಯಿಂದ ಅಳೆದು ತೋರಿಸಿ ಅಂಗಿ ಕೇಳಬೇಕು. ಅಂಗಡಿಕಾರ ಮರಾಠಿಯವರೊಡನೆ ಮರಾಠಿ, ತೆಲುಗರೊಡನೆ ತೆಲುಗು, ಇವರೊಡನೆ ಕನ್ನಡ ಆಡುತ್ತಿದ್ದ. “ಹುಡುಗಗ ಸಣ್ಣದಾದರ ಹಬ್ಬ ಆದ ಮ್ಯಾಲ ತಂದು ಬದಲಿ ಮಾಡ್ಕೊಂಡು ಹೋಗ್ರಿ” ಎಂಬ ಅವನ ಮಾತೇ ರಸೀದಿ.

ಇಂದು ಅದೇ ಮನೆಯ ಪಡಸಾಲೆಯಲ್ಲಿ ಕನ್ನಡ ಶಾಲೆಯ ಎಂಟನೆಯ ಇಯತ್ತೆಯ ಹುಡುಗಿ ಮೊಬೈಲ್ ಹಿಡಿದು ಕುಳಿತಿರುತ್ತಾಳೆ. ತಾಯಿ ಪಕ್ಕದಲ್ಲಿ ಕುಳಿತು “ಏನಂತದ?” ಎಂದು ಕೇಳುತ್ತಾಳೆ. “ಎರಡ ಉಳದಾವಂತ ಅವ್ವಾ, ಹತ್ತ ನಿಮಿಷದಾಗ ತಗೋಬೇಕಂತ.” ಹೊಲದಲ್ಲಿರುವ ತಂದೆಗೆ ಫೋನ್ ಹೋಗುತ್ತದೆ, ಆತನ ಸಂಖ್ಯೆಗೆ ಬಂದ ಒಟಿಪಿಯನ್ನು ಆತ ಗಟ್ಟಿಯಾಗಿ ಓದಿ ಹೇಳುತ್ತಾನೆ, ಖರೀದಿ ಮುಗಿಯುತ್ತದೆ. ಬಸ್ಸಿನ ಚಾರ್ಜಿಲ್ಲ, ಚೌಕಾಸಿಯಿಲ್ಲ. ಆದರೆ ಏನನ್ನು ಒಪ್ಪಿಕೊಂಡು ಕೊಂಡೆವು ಎಂಬುದು ಆ ಮೂವರಲ್ಲಿ ಯಾರಿಗೂ ಪೂರ್ತಿ ತಿಳಿದಿರುವುದಿಲ್ಲ.

ಈ ಬದಲಾವಣೆ ಒಂದೇ ಹಬ್ಬದಲ್ಲಿ ಆದುದಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಸರಕು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ತಂದಿತು. ಬ್ಯಾಂಕಿನ ಕಾರ್ಡಿಲ್ಲದ, ಕಾಣದ ವ್ಯಾಪಾರಿಯನ್ನು ನಂಬದ ಮನೆಗಳಿಗೆ ಬಾಗಿಲು ತೆರೆದದ್ದು ಈ ಪದ್ಧತಿಯೇ. 2014ರ ಅಕ್ಟೋಬರ್ 6ರಂದು ಅದೇ ಸಂಸ್ಥೆ ಹಬ್ಬದ ಮಹಾಮಾರಾಟವನ್ನು ಏರ್ಪಡಿಸಿದಾಗ ಜನಸಂದಣಿಗೆ ತಾಣವೇ ಕುಸಿಯಿತು. ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಬೇಕಾಯಿತು. ಮರುವರ್ಷ ಅಮೆಜಾನ್ ಕೂಡ ತನ್ನ ಹಬ್ಬದ ಮಾರಾಟ ಆರಂಭಿಸಿತು. 2016ರಲ್ಲಿ ಅಗ್ಗದ ಇಂಟರ್‌ನೆಟ್ ಮತ್ತು ಯುಪಿಐ ಎರಡೂ ಬಂದವು. 2020ರಲ್ಲಿ ಕೊರೋನಾದ ಬೀಗಮುದ್ರೆ ಅಂಗಡಿಗಳ ಬಾಗಿಲು ಹಾಕಿಸಿದ ವರ್ಷವೇ ಈ ಎರಡೂ ತಾಣಗಳು ಕನ್ನಡದಲ್ಲಿ ಓದಲು ಸಿಕ್ಕವು. ಗಡಿಯಾಚೆಯ ಕನ್ನಡದ ಮನೆಗೆ ಪೇಟೆ ತನ್ನ ಭಾಷೆಯಲ್ಲಿಯೇ ಬಂದು ಕುಳಿತಂತಾಯಿತು.

ಹೀಗೆ ಸರಿದವರನ್ನು ಆಸೆಬುರುಕರೆಂದು ಜರೆಯುವುದು ಅನ್ಯಾಯ. ಹಳ್ಳಿಯ ಅಂಗಡಿಯಲ್ಲಿ ಸಿಗದ ಅಳತೆಯ ಬೂಟು, ಹತ್ತನೆಯ ಇಯತ್ತೆಯ ಮಗನಿಗೆ ಬೇಕಾದ ಅಭ್ಯಾಸಪುಸ್ತಕ, ಅಜ್ಜಿಯ ಮೊಣಕಾಲಿನ ಪಟ್ಟಿ ಇವೆಲ್ಲ ಮನೆಬಾಗಿಲಿಗೆ ಬರುತ್ತವೆ. ಹತ್ತು ಸೀರೆ ನೋಡಿ ಒಂದನ್ನೂ ಕೊಳ್ಳದೆ ಎದ್ದು ಬರುವ ಸಂಕೋಚವಿಲ್ಲ. ಕನ್ನಡ ಶಾಲೆಯ ಕುಟುಂಬಗಳಿಗಂತೂ ಇನ್ನೊಂದು ಲಾಭವಿದೆ. ಈ ಭಾಗದ ಪೇಟೆಗಳಲ್ಲಿ ಕನ್ನಡದ ಕಥೆಪುಸ್ತಕ, ನಿಘಂಟು ದೊರೆಯುವುದು ಸುಲಭವಲ್ಲ. ಧಾರವಾಡಕ್ಕೋ ವಿಜಯಪುರಕ್ಕೋ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ತರಿಸುತ್ತಿದ್ದ ಪುಸ್ತಕ ಈಗ ಅಂಚೆಯಲ್ಲಿ ಬರುತ್ತದೆ. ಅದನ್ನು ತರಿಸಿಕೊಟ್ಟದ್ದು ಈ ಹೊಸ ಪೇಟೆಯೇ.

ಆದರೆ ಪೇಟೆ ಸರಿದಾಗ ಹೊಣೆಯೂ ಜಾಗ ಬದಲಿಸಿತು. ಹಳೆಯ ಅಂಗಡಿಯಲ್ಲಿ ಹೊಣೆಗೆ ಒಂದು ಮುಖವಿತ್ತು. ಅಂಗಿಯ ಹೊಲಿಗೆ ಬಿಚ್ಚಿದರೆ ಹೋಗಿ ಯಾರೆದುರು ನಿಲ್ಲಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಕಬ್ಬಿನ ಬಿಲ್ಲು ಬರುವವರೆಗೆ ಉದ್ರಿ ಕೊಡುತ್ತಿದ್ದ ಅದೇ ಅಂಗಡಿಕಾರ ಶಾಲೆಯ ಸಮ್ಮೇಲನಕ್ಕೆ ದೇಣಿಗೆಯನ್ನೂ ಕೊಡುತ್ತಿದ್ದ. ಅವನ ಖಾತೆಪುಸ್ತಕದಲ್ಲಿ ಬಾಕಿ ಉಳಿದರೆ ಒಂದೆರಡು ಬಿರುಸಿನ ಮಾತು ಕೇಳಬೇಕಾಗುತ್ತಿತ್ತು, ಅಷ್ಟೇ. ತೆರೆಯ ಮೇಲಿನ “ಈಗ ಕೊಳ್ಳಿ, ಆಮೇಲೆ ಕೊಡಿ” ಎಂಬ ಗುಂಡಿ ಉದ್ರಿಯಂತೆ ಕಾಣುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದು ಸಾಲ. ಕಂತು ತಪ್ಪಿದರೆ ದಂಡ ಬೀಳಬಹುದು. ತಪ್ಪಿದ ಸಂಗತಿ ಸಾಲದ ಚರಿತ್ರೆಯಲ್ಲಿ ದಾಖಲಾಗಬಹುದು. ಮುಂದೆ ಮಗಳ ಶಿಕ್ಷಣಸಾಲಕ್ಕೆ ಬ್ಯಾಂಕಿನ ಮುಂದೆ ನಿಂತಾಗ ಆ ದಾಖಲೆ ಎದುರಾಗಬಹುದು. “ಬಡ್ಡಿಯಿಲ್ಲದ ಕಂತು” ಎಂಬ ಮಾತನ್ನೂ ಹಾಗೆಯೇ ತೂಗಿ ನೋಡಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ರೂಪದಲ್ಲಿ ಮರೆಮಾಚಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಒಂದೇ ಸಲಕ್ಕೆ ಹಣ ಕೊಟ್ಟರೆ ಸಿಗುವ ರಿಯಾಯಿತಿ ಎಷ್ಟು, ಕಂತಿಗೆ ತೆರುವ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಎಷ್ಟು ಎಂದು ಕೂಡಿ ಕಳೆದರೆ ಸತ್ಯ ತಾನೇ ಹೊರಬರುತ್ತದೆ. ಐದನೆಯ ಇಯತ್ತೆಯ ಗಣಿತ ಅದಕ್ಕೆ ಸಾಕು.

ಮುಖವಿಲ್ಲದ ಅಂಗಡಿಗೆ ಹೊಣೆ ಹೊರಿಸುವ ಯತ್ನವನ್ನು ಕಾನೂನು ಮಾಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಅದರಡಿಯ ಇ-ವಾಣಿಜ್ಯ ನಿಯಮಗಳು 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದವು. ತಾಣದಲ್ಲಿ ಮಾರುವವನ ಹೆಸರು, ವಿಳಾಸ ಕಾಣಿಸಬೇಕು; ಸರಕು ಯಾವ ದೇಶದ್ದೆಂದು ಹೇಳಬೇಕು. ಪ್ರತಿ ತಾಣಕ್ಕೂ ಒಬ್ಬ ದೂರು ಅಧಿಕಾರಿ ಇರಬೇಕು. ಆತ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ, ನಕಲಿಯಾದ ಅಥವಾ ತೋರಿಸಿದ ಚಿತ್ರಕ್ಕೂ ವಿವರಕ್ಕೂ ಹೊಂದದ ಸರಕನ್ನು ಹಿಂಪಡೆಯಲು, ಹಣ ಮರಳಿಸಲು ಮಾರುವವನು ನಿರಾಕರಿಸುವಂತಿಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು. ದೋಷವಿದ್ದಾಗ ಮರಳಿಸುವುದು ಗ್ರಾಹಕನ ಹಕ್ಕು. ಬಣ್ಣ ಮನಸ್ಸಿಗೆ ಬರಲಿಲ್ಲವೆಂದು ಮರಳಿಸುವುದು ಆ ತಾಣ ತಾನಾಗಿ ಕೊಡುವ ಸವಲತ್ತು. ಆ ಸವಲತ್ತಿನ ಗಡುವು ಸರಕಿನಿಂದ ಸರಕಿಗೆ ಬೇರೆ ಇರಬಹುದು. ಕೊಳ್ಳುವ ಮೊದಲೇ ಅದನ್ನು ಓದಬೇಕು.

ದೂರು ಎಲ್ಲಿ ಕೊಡಬೇಕೆಂಬುದು ಮುಂದಿನ ಪ್ರಶ್ನೆ. ತಾಣದ ಕರಾರಿನಲ್ಲಿ ದೂರದ ಯಾವುದೋ ನಗರದ ನ್ಯಾಯಾಲಯದ ಹೆಸರು ಬರೆದಿರಬಹುದು. ಅದನ್ನು ಕಂಡು ಅಕ್ಕಲಕೋಟದ ಗ್ರಾಹಕ ಕೈಚೆಲ್ಲಬೇಕಿಲ್ಲ. 1986ರ ಹಳೆಯ ಕಾಯ್ದೆಯಲ್ಲಿ ಎದುರುದಾರನಿರುವಲ್ಲಿ ಅಥವಾ ವ್ಯಾಜ್ಯಕಾರಣ ಉಂಟಾದಲ್ಲಿ ದೂರು ಕೊಡಬೇಕಾಗಿತ್ತು. ಹೊಸ ಕಾಯ್ದೆಯ 34ನೆಯ ಕಲಮು ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಅಂದರೆ ಅವನಿಗೆ ಸೊಲ್ಲಾಪುರದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು, ಜತ್ತದವರಿಗೆ ಸಾಂಗಲಿಯದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ಮಾರಿದವನನ್ನೂ ತಾಣವನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸುವುದು ಜಾಣತನ. “ನಾವು ನಡುವಿನವರು ಮಾತ್ರ” ಎಂಬ ಉತ್ತರ ಆಗ ಆಯೋಗದ ಮುಂದೆಯೇ ಪರೀಕ್ಷೆಗೆ ಒಳಗಾಗುತ್ತದೆ. ಇದಕ್ಕೂ ಮೊದಲಿನ ಮೆಟ್ಟಿಲೊಂದಿದೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಅದು 17 ಭಾಷೆಗಳಲ್ಲಿ ಸೇವೆ ಕೊಡುತ್ತದೆ. ಆ ಹದಿನೇಳರಲ್ಲಿ ಕನ್ನಡವೂ ಒಂದು. ಮಹಾರಾಷ್ಟ್ರದಲ್ಲಿದ್ದೇವೆಂದು ಹಿಂಜರಿಯದೆ ಕನ್ನಡದಲ್ಲಿಯೇ ದೂರು ಹೇಳಬಹುದು.

ಕನ್ನಡದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಾಣದ ಮುಖಪುಟ ಕನ್ನಡದಲ್ಲಿರುತ್ತದೆ, ಬೆಲೆಯ ಪಕ್ಕದ ಹೊಗಳಿಕೆ ಕನ್ನಡದಲ್ಲಿರುತ್ತದೆ. ಕರಾರಿನ ಷರತ್ತುಗಳು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತವೆ. ಮಾರುವವರೆಗೆ ನಮ್ಮ ಭಾಷೆ, ಹಕ್ಕಿನ ಮಾತು ಬಂದಾಗ ಅವರ ಭಾಷೆ. ನವೀ ಪೇಠಿನ ಅಂಗಡಿಕಾರ ಮಾರುವಾಗ ಆಡಿದ ಕನ್ನಡವನ್ನೇ ಜಗಳದ ಹೊತ್ತಿನಲ್ಲಿಯೂ ಆಡುತ್ತಿದ್ದ. ಶಾಲೆಯ ಹೊರಗೆ, ಮನೆಯ ಹೊರಗೆ, ಮಕ್ಕಳು ಕನ್ನಡವನ್ನು ಲೋಕವ್ಯವಹಾರದ ಭಾಷೆಯಾಗಿ ಕೇಳುತ್ತಿದ್ದ ಕೆಲವೇ ಸ್ಥಳಗಳಲ್ಲಿ ಆ ಅಂಗಡಿಯ ಗಲ್ಲೆಯೂ ಒಂದಾಗಿತ್ತು. ಅಂಗಡಿ ಮುಚ್ಚಿದರೆ ಅದೂ ಮುಚ್ಚುತ್ತದೆ.

ತೆರೆಯ ಮೇಲಿನ ತಂತ್ರಗಳನ್ನು ಮಕ್ಕಳಿಗೆ ತಿಳಿಸುವುದು ಪಾಲಕರ ಹೊಸ ಕರ್ತವ್ಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. “ಎರಡೇ ಉಳಿದಿವೆ” ಎಂಬ ಸುಳ್ಳು ಅವಸರ ಅದರಲ್ಲಿ ಒಂದು. ಕೇಳದ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ಸೇರಿಸುವುದು ಇನ್ನೊಂದು. ಮೊದಲು ಒಂದು ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಶುಲ್ಕಗಳನ್ನು ಒಂದೊಂದಾಗಿ ತೊಟ್ಟಿಕ್ಕಿಸುವುದು, “ಬೇಡ” ಎಂದವರನ್ನು ನಾಚಿಸುವ ಮಾತು ಬರೆಯುವುದು ಕೂಡ ಆ ಪಟ್ಟಿಯಲ್ಲಿವೆ. ಗೆರೆ ಎಳೆದು ತೋರಿಸಿದ ಹಳೆಯ ಬೆಲೆಯನ್ನು ನಂಬುವ ಬದಲು, ಬೇಕಾದ ವಸ್ತುವಿನ ಬೆಲೆಯನ್ನು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಬರೆದಿಟ್ಟುಕೊಂಡ ಮನೆ ಮೋಸಹೋಗುವುದು ಕಡಿಮೆ. ಮಕ್ಕಳ ಬಗ್ಗೆ ಇನ್ನೂ ಒಂದು ಮಾತು. 18 ವರ್ಷ ತುಂಬದವರು ಕರಾರು ಮಾಡಲು 1872ರ ಕರಾರು ಕಾಯ್ದೆಯ ಪ್ರಕಾರ ಅರ್ಹರಲ್ಲ. ಆದರೆ ಖಾತೆ ತಂದೆಯದು, ಒಟಿಪಿ ತಂದೆಯದು ಆದಾಗ “ಮಗಳು ಒತ್ತಿದಳು” ಎಂಬ ವಾದ ನಿಲ್ಲುವುದು ಕಷ್ಟ. ಓದುವುದು ಮಗುವಾದರೂ ಒಪ್ಪುವುದು ಹಿರಿಯರಾಗಿರಬೇಕು. ಹಬ್ಬದ ಹೆಸರಿನಲ್ಲಿ ಬರುವ ನಕಲಿ ತಾಣಗಳಿಗೆ ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಾಗೆಂದು ಊರಿನ ಅಂಗಡಿಗಳು ನಿರ್ದೋಷಿಗಳಲ್ಲ. “ಮಾರಿದ ಮಾಲನ್ನು ಮರಳಿ ಪಡೆಯಲಾಗುವುದಿಲ್ಲ” ಎಂಬ ಫಲಕ ಎಷ್ಟೋ ಗಲ್ಲೆಗಳ ಹಿಂದೆ ಇಂದಿಗೂ ತೂಗುತ್ತದೆ. ಬಿಲ್ ಕೇಳಿದರೆ “ತೆರಿಗೆ ಸೇರತದ, ಬ್ಯಾಡ ಬಿಡ್ರಿ” ಎಂಬ ಉತ್ತರ ಬರುತ್ತದೆ. ಬಿಲ್ ಕೊಡದಿರುವುದೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದೂ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳೆನಿಸಿವೆ. ದಾಖಲೆಯ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆ ಸಾಕು. 2022ರ ಆಗಸ್ಟ್‌ನಲ್ಲಿ ಗುಣಮಟ್ಟದ ಮುದ್ರೆಯಿಲ್ಲದ ಪ್ರೆಶರ್ ಕುಕ್ಕರ್ ಮಾರಲು ಬಿಟ್ಟದ್ದಕ್ಕಾಗಿ ಎರಡು ದೊಡ್ಡ ತಾಣಗಳಿಗೆ ಪ್ರಾಧಿಕಾರ ತಲಾ 1 ಲಕ್ಷ ರೂಪಾಯಿ ದಂಡ ವಿಧಿಸಿ, ಕೊಂಡವರಿಗೆಲ್ಲ ವಿಷಯ ತಿಳಿಸುವಂತೆ ಆದೇಶಿಸಿತು. ಒಂದು ತಾಣದಲ್ಲಿ ಮಾರಾಟವಾದ ಅಂಥ ಕುಕ್ಕರುಗಳು 2,265 ಎಂದು ಲೆಕ್ಕ ಸಿಕ್ಕಿತ್ತು. ಆ ಆದೇಶ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತಾದರೂ, ಕೊಂಡವರು ಯಾರೆಂಬುದು ದಾಖಲೆಯಲ್ಲಿತ್ತು. ಬಿಲ್ಲಿಲ್ಲದೆ ಮಾರಿದ ಅಂಗಡಿಗೆ ತನ್ನ ಗ್ರಾಹಕರನ್ನು ಹುಡುಕಿ ಎಚ್ಚರಿಸುವ ದಾರಿಯೇ ಇರುವುದಿಲ್ಲ.

ಅಂಗಡಿಕಾರ ಉಳಿಯಬೇಕಾದರೆ ಅವನು ಬಾಯಿಮಾತಿನ ಭರವಸೆಯ ಜೊತೆಗೆ ಬಿಲ್ಲನ್ನೂ ಕೊಡಬೇಕು. ಬದಲಿ ಮಾಡಿಕೊಡುವ ಗಡುವನ್ನು ಅದರ ಮೇಲೆಯೇ ಬರೆಯಬೇಕು. ಅವನಲ್ಲಿರುವ ಬಲ ತೆರೆಗೆ ಬಾರದು. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಿಕೆಯ ನೋಂದಣಿ ಇದೆ. ಆದರೂ ಚಿತ್ರ ನೋಡಿ ಅಸಲು ನಕಲು ಹೇಳುವುದು ಕಷ್ಟ. ಕೈಯಲ್ಲಿ ಹಿಡಿದು ತೂಕ ನೋಡಿ, ನೂಲು ಮುಟ್ಟಿ ಹೇಳಬಲ್ಲವನು ಗಾದಿಯ ಮೇಲೆ ಕುಳಿತಿದ್ದಾನೆ. ಹಬ್ಬದ ಖರೀದಿಯಲ್ಲಿ ಮುಟ್ಟಿ ಕೊಳ್ಳಬೇಕಾದುದನ್ನು ಅವನಲ್ಲಿ, ಊರಲ್ಲಿ ಸಿಗದುದನ್ನು ತಾಣದಲ್ಲಿ ಕೊಳ್ಳುವ ವಿವೇಕ ಪ್ರತಿ ಮನೆಗೂ ಸಾಧ್ಯ.

ಲಕ್ಷ್ಮೀಪೂಜೆಯ ದಿನ ವ್ಯಾಪಾರಿಗಳು ಹೊಸ ಖಾತೆಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಈ ವರ್ಷ ಕೊಳ್ಳುವವರ ಮನೆಯಲ್ಲಿಯೂ ಒಂದು ವಹಿ ಪೂಜೆಗೆ ಕುಳಿತುಕೊಳ್ಳಲಿ. ಇನ್ನೂರು ಪುಟದ ಒಂದು ನೋಟುಬುಕ್ಕು ಸಾಕು. ಕೊಂಡ ದಿನ, ವಸ್ತು, ಮಾರಿದವನ ಹೆಸರು, ಆರ್ಡರ್ ಸಂಖ್ಯೆ, ಕೊಟ್ಟ ಹಣ, ಮರಳಿಸುವ ಗಡುವು ಇಷ್ಟನ್ನು ಒಂದು ಸಾಲಿನಲ್ಲಿ ಬರೆದು ಬಿಲ್ಲನ್ನು ಅದರೊಳಗೆ ಅಂಟಿಸಬೇಕು. ಮೊಬೈಲ್ ಓದಿ ಹೇಳುವ ಎಂಟನೆಯ ಇಯತ್ತೆಯ ಆ ಹುಡುಗಿಗೇ ಈ ಕೆಲಸ ಒಪ್ಪಿಸಬಹುದು. ಅವಳು ಕನ್ನಡದಲ್ಲಿ ಬರೆದಿಟ್ಟ ಆ ಸಾಲು, ನಾಳೆ ಸೊಲ್ಲಾಪುರದ ಆಯೋಗದಲ್ಲಿ ಅವಳ ತಂದೆ ಹೇಳಬೇಕಾದ ಮಾತಿಗೆ ಆಧಾರವಾಗುತ್ತದೆ.